ನೂರು ಗ್ರಾಂ ಕೊತ್ತಂಬರಿ ಯಾರು ತಿಂತಾರೆ?

(ಮೈಸೂರಿನ ಬಡಾವಣೆಯೊಂದರ ಮಹಿಳಾ ಸಮಾಜದಲ್ಲಿ ಆಡಿದ ಮಾತಿನ ಬರಹ ರೂಪ. ನಡುವೆ, ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕರಪತ್ರದಲ್ಲಿ ‘ಸೊಪ್ಪು ಮೇಲೋ, ತರಕಾರಿ ಮೇಲೋ?’ ಅಂತ ಹಾಕಿಬಿಟ್ಟಿದ್ದಾರೆ. ತಮಿಳಿನ ಪಟ್ಟಿಮನ್ರಂ ಅನ್ನೋ ವಾದದ ಕಾರ್ಯಕ್ರಮದ ಥರ ಎರಡು ಪಕ್ಷ ಮಾಡಿ ಜಗಳ ಹಚ್ಚುವ ಯೋಚನೆ ಇದ್ದ ಹಾಗಿದೆ. ನನಗೇನೂ ಬೇಜಾರಿಲ್ಲ. ಆದರೆ ಎಲ್ಲ ಸೊಪ್ಪನ್ನೂ ಎಲ್ಲ ತರಕಾರಿಯನ್ನೂ ಎದುರುಬದುರು ನಿಲ್ಲಿಸಿದರೆ ಸಂಜೆಯಾದರೂ ಮುಗಿಯುವುದಿಲ್ಲ. ಹಾಗಾಗಿ ಒಂದು ಸೊಪ್ಪು, ಒಂದು ಕಾಯಿ ಅಂತ ಆರಿಸಿಕೊಂಡು ಬಂದಿದ್ದೇನೆ. ಸೊಪ್ಪು ಕೊತ್ತಂಬರಿ. ಕಾಯಿ ಬದನೆ. ಈರನಗೆರೆ ಬದನೆಗೆ ಹೆಸರಾದ ಊರಿನಲ್ಲಿ ನಿಂತು ಬೇರೆ ಕಾಯಿಯ ಹೆಸರು ಹೇಳಿದರೆ ನೀವು ಬಿಡುತ್ತೀರಾ?

ಮೊದಲು ಲೆಕ್ಕ ನೋಡೋಣ. ಪೌಷ್ಟಿಕಾಂಶದ ಪಟ್ಟಿಗಳೆಲ್ಲ 100 ಗ್ರಾಂಗೆ ಇಷ್ಟು ಅಂತ ಇರುತ್ತವೆ. ನಾನು ಇವತ್ತು ಹೇಳುವ ಅಂಕಿಗಳು ಹೆಚ್ಚಿನವು ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯವು. ಹಸಿ ಕೊತ್ತಂಬರಿ ಸೊಪ್ಪು, ಹಸಿ ಬದನೆಕಾಯಿ ಎರಡಕ್ಕೂ ಒಂದೇ ಕಡೆ ಪೂರ್ತಿ ವಿವರ ಸಿಗುತ್ತದೆ ಅನ್ನೋದು ಕಾರಣ. ನಮ್ಮ ದೇಶದ ಪಟ್ಟಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಅಲ್ಲೊಂದು ಸ್ವಾರಸ್ಯ ಇದೆ.

ನೂರು ಗ್ರಾಂ ಕೊತ್ತಂಬರಿ ಸೊಪ್ಪಿನಲ್ಲಿ 92 ಗ್ರಾಂ ನೀರು. ನೂರು ಗ್ರಾಂ ಬದನೆಯಲ್ಲೂ 92 ಗ್ರಾಂ ನೀರು. ಸೊಪ್ಪಿನಿಂದ 23 ಕ್ಯಾಲೊರಿ, ಬದನೆಯಿಂದ 25. ನಾರು ಸೊಪ್ಪಿನಲ್ಲಿ 2.8 ಗ್ರಾಂ, ಬದನೆಯಲ್ಲಿ 3 ಗ್ರಾಂ. ಇಲ್ಲಿವರೆಗೆ ನೋಡಿದರೆ ಎರಡೂ ಅಣ್ಣ ತಮ್ಮಂದಿರು. ಯಾವುದು ತಿಂದರೇನು ಅನ್ನಿಸುತ್ತದೆ.

ನೀರು, ಕ್ಯಾಲೊರಿ, ನಾರು ಬಿಟ್ಟು ಉಳಿದದ್ದಕ್ಕೆ ಬಂದಾಗ ದಾರಿ ಬೇರೆಯಾಗುತ್ತದೆ. ಕ್ಯಾಲ್ಸಿಯಂ ಕೊತ್ತಂಬರಿಯಲ್ಲಿ 67 ಮಿಲಿಗ್ರಾಂ, ಬದನೆಯಲ್ಲಿ 9. ಕಬ್ಬಿಣ 1.77, ಬದನೆಯಲ್ಲಿ 0.23. ವಿಟಮಿನ್ ಸಿ 27, ಬದನೆಯಲ್ಲಿ ಎರಡು ಚಿಲ್ಲರೆ. ಪೊಟ್ಯಾಸಿಯಂ 521, ಬದನೆಯಲ್ಲಿ 229. ಫೋಲೇಟ್ ಅನ್ನೋ ಬಿ ವಿಟಮಿನ್ 62 ಮೈಕ್ರೋಗ್ರಾಂ, ಬದನೆಯಲ್ಲಿ 22. ವಿಟಮಿನ್ ಎ ಲೆಕ್ಕ ಕೇಳಿದರೆ ನಗು ಬರುತ್ತದೆ. ಸೊಪ್ಪಿನಲ್ಲಿ 337 ಮೈಕ್ರೋಗ್ರಾಂ, ಬದನೆಯಲ್ಲಿ ಬರೀ 1. ವಿಟಮಿನ್ ಕೆ ಸೊಪ್ಪಿನಲ್ಲಿ 310, ಬದನೆಯಲ್ಲಿ ಮೂರೂವರೆ.

ಯಾಕೆ ಹೀಗೆ? ಇದಕ್ಕೆ ಉತ್ತರ ಗಿಡದೊಳಗೇ ಇದೆ. ಎಲೆ ಅಂದರೆ ಗಿಡದ ಅಡುಗೆಮನೆ. ಬಿಸಿಲು, ಗಾಳಿ, ನೀರು ಸೇರಿಸಿ ಸಕ್ಕರೆ ಮಾಡುವ ಕೆಲಸ ಅಲ್ಲಿ ನಡೆಯುತ್ತದೆ. ಆ ಕೆಲಸಕ್ಕೆ ಬೇಕಾದ ಸಾಮಾನೆಲ್ಲ ಎಲೆಯಲ್ಲೇ ಇರಬೇಕಲ್ಲ. ಹಸಿರು ಬಣ್ಣದ ಕ್ಲೋರೋಫಿಲ್ ಒಳಗೆ ಮೆಗ್ನೀಸಿಯಂ ಕೂತಿದೆ. ಜಾಸ್ತಿ ಬಿಸಿಲು ಬಿದ್ದಾಗ ಎಲೆ ಸುಟ್ಟುಹೋಗದಂತೆ ಕಾಯುವುದು ಬೀಟಾ ಕ್ಯಾರೋಟಿನ್ ಮತ್ತು ಅದರ ಬಳಗ. ನಮ್ಮ ಮೈಯಲ್ಲಿ ವಿಟಮಿನ್ ಎ ಆಗುವುದು ಅದೇ ಬೀಟಾ ಕ್ಯಾರೋಟಿನ್. ವಿಟಮಿನ್ ಕೆ ನಮ್ಮಲ್ಲಿ ರಕ್ತ ಹೆಪ್ಪುಗಟ್ಟಲು ಬೇಕು. ಎಲೆಗೆ ಅದು ಬೇಕಾಗಿರುವುದು ಬೇರೆ ಕೆಲಸಕ್ಕೆ: ಬೆಳಕಿನಿಂದ ಸಿಕ್ಕ ಎಲೆಕ್ಟ್ರಾನನ್ನು ಕೈಯಿಂದ ಕೈಗೆ ದಾಟಿಸಲು. ಕಬ್ಬಿಣವೂ ಅದೇ ಸಾಲಿನಲ್ಲಿ ದುಡಿಯುತ್ತದೆ. ಹೀಗಾಗಿ ಕಡು ಹಸಿರು ಎಲೆ ಯಾವುದೇ ಇರಲಿ, ಅದರಲ್ಲಿ ಇವೆಲ್ಲ ಇದ್ದೇ ಇರುತ್ತವೆ. ಕೊತ್ತಂಬರಿ ಏನೋ ವಿಶೇಷ ಔಷಧಿ ಅಂತ ಅಲ್ಲ.

ಬದನೆ ಹಾಗಲ್ಲ. ಅದು ಬೀಜ ಇಟ್ಟುಕೊಳ್ಳುವ ಹಣ್ಣು. ನಾವು ಎಳೆಯದಿದ್ದಾಗಲೇ ಕಿತ್ತು ತಿನ್ನುತ್ತೇವೆ ಅಷ್ಟೇ. ಅಲ್ಲಿ ಬಿಸಿಲಿನ ಕೆಲಸ ಇಲ್ಲ, ಅದಕ್ಕೆ ಬೇಕಾದ ಸಾಮಾನೂ ಇಲ್ಲ.

ಇಷ್ಟು ಹೇಳಿ ನಾನು ಕೂತುಬಿಟ್ಟರೆ ಕೊತ್ತಂಬರಿ ಪಕ್ಷ ಗೆದ್ದಂತೆ. ಯೂಟ್ಯೂಬಿನಲ್ಲಿ, ವಾಟ್ಸಾಪಿನಲ್ಲಿ ಬರುವ ಮಾತುಗಳು ಇಲ್ಲೇ ನಿಂತುಬಿಡುತ್ತವೆ. ಆದರೆ ನಾನು ಮೇಜಿನ ಮೇಲೆ ಈ ಪುಟ್ಟ ತಕ್ಕಡಿ ಸುಮ್ನೆ ಇಟ್ಟಿಲ್ಲ. ಇಲ್ಲಿ ಬನ್ನಿ ಅಮ್ಮ, ನೀವೇ. ನಾಲ್ಕು ಜನರ ಸಾರಿನ ಪಾತ್ರೆಗೆ ಎಷ್ಟು ಕೊತ್ತಂಬರಿ ಸೊಪ್ಪು ಉದುರಿಸ್ತೀರೋ ಅಷ್ಟು ಈ ತಟ್ಟೆಗೆ ಹಾಕಿ.

(ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಬಂದರು. ಹೆಚ್ಚಿಟ್ಟಿದ್ದ ಸೊಪ್ಪನ್ನು ಬೆರಳ ತುದಿಯಲ್ಲಿ ಎತ್ತಿ ಹಾಕಿದರು. ಒಮ್ಮೆ ನನ್ನ ಮುಖ ನೋಡಿ ಇನ್ನೊಂದು ಚೂರು ಹಾಕಿದರು. “ಬಂದೋರ ಮುಂದೆ ಜಿಪುಣಿ ಅನ್ನಿಸ್ಕೋಬಾರ್ದಲ್ಲ” ಅಂದರು. ತಕ್ಕಡಿ 12 ಗ್ರಾಂ ತೋರಿಸಿತು.)

ಹನ್ನೆರಡು ಗ್ರಾಂ. ನಾಲ್ಕು ಜನಕ್ಕೆ. ತಲೆಗೆ ಮೂರು ಗ್ರಾಂ. ಅದರಲ್ಲೂ ಸ್ವಲ್ಪ ಪಾತ್ರೆಯ ಅಂಚಿಗೆ, ಸ್ವಲ್ಪ ಸೌಟಿಗೆ ಅಂಟಿಕೊಂಡಿರುತ್ತದೆ. ಮಕ್ಕಳು ಆರಿಸಿ ತಟ್ಟೆಯ ಬದಿಗೆ ಇಟ್ಟಿರುತ್ತಾರೆ. ನಾನು ಧಾರಾಳವಾಗಿ ಐದು ಗ್ರಾಂ ಅಂತ ಇಟ್ಟುಕೊಳ್ಳುತ್ತೇನೆ. ಬದನೆಕಾಯಿ? ನಾಲ್ಕು ಜನರ ಹುಳಿಗೆ ಅರ್ಧ ಕೆಜಿಯಾದರೂ ಬೇಕು. ತಲೆಗೆ ನೂರು ಗ್ರಾಂ ಖಂಡಿತ ಬಿತ್ತು.

ಈಗ ಐದು ಗ್ರಾಂ ಕೊತ್ತಂಬರಿಗೂ ನೂರು ಗ್ರಾಂ ಬದನೆಗೂ ಹೋಲಿಸೋಣ. ನಾರು: ಸೊಪ್ಪಿನಿಂದ 0.14 ಗ್ರಾಂ, ಬದನೆಯಿಂದ 3. ಪೊಟ್ಯಾಸಿಯಂ: 26 ಮಿಲಿಗ್ರಾಂ, ಬದನೆಯಿಂದ 229. ಫೋಲೇಟ್: 3 ಮೈಕ್ರೋಗ್ರಾಂ, ಬದನೆಯಿಂದ 22. ಕಬ್ಬಿಣ: ಸೊಪ್ಪಿನಿಂದ 0.09, ಬದನೆಯಿಂದ 0.23. ಕ್ಯಾಲ್ಸಿಯಂ ಕೂಡ ಬದನೆಯಲ್ಲೇ ಜಾಸ್ತಿ ಆಯಿತು. ವಿಟಮಿನ್ ಸಿಯಲ್ಲೂ ಬದನೆ ಮುಂದೆ, ಬೇಯುವಾಗ ಅದರಲ್ಲಿ ಒಂದಿಷ್ಟು ಹೋಗುತ್ತದೆ ಅನ್ನೋದು ಬೇರೆ ಮಾತು. ಯಾವ ಬದನೆಯನ್ನು ಐದು ನಿಮಿಷದ ಹಿಂದೆ ನಾವೆಲ್ಲ ಕೈಲಾಗದವನು ಅಂದುಕೊಂಡೆವೋ ಅದೇ ಗೆದ್ದಿತು.

ಆದರೆ ಪೂರ್ತಿ ಅಲ್ಲ. ವಿಟಮಿನ್ ಎ ನೋಡಿ. ಐದೇ ಐದು ಗ್ರಾಂ ಕೊತ್ತಂಬರಿಯಿಂದ 17 ಮೈಕ್ರೋಗ್ರಾಂ. ನೂರು ಗ್ರಾಂ ಬದನೆಯಿಂದ ಒಂದು. ವಿಟಮಿನ್ ಕೆ ಸೊಪ್ಪಿನಿಂದ 15, ಬದನೆಯಿಂದ ಮೂರೂವರೆ. ಚಿಟಿಕೆ ಸೊಪ್ಪು ಉದುರಿಸಿದ್ದಕ್ಕೂ ಈ ಎರಡರಲ್ಲಿ ಬದನೆ ಸೋತಿತು. ನನಗೆ ಈ ಲೆಕ್ಕದಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ‘ಉದುರಿಸೋ ಸೊಪ್ಪಿನಿಂದ ಏನೂ ಬರಲ್ಲ’ ಅನ್ನೋದೂ ತಪ್ಪು, ‘ಸೊಪ್ಪು ಉದುರಿಸಿದ್ರೆ ಎಲ್ಲಾ ಬಂತು’ ಅನ್ನೋದೂ ತಪ್ಪು. ಯಾವ ಪೋಷಕಾಂಶ ಅಂತ ಕೇಳದೆ ಉತ್ತರ ಹೇಳೋಕೇ ಆಗಲ್ಲ.

ನೂರು ಗ್ರಾಂ ಅನ್ನೋ ಅಳತೆ ಕೆಟ್ಟದ್ದಲ್ಲ. ಲ್ಯಾಬಿನವರಿಗೆ ಒಂದು ಅಳತೆ ಬೇಕು. ನಾವು ಅದನ್ನು ತಟ್ಟೆಯ ಅಳತೆ ಅಂದುಕೊಂಡಾಗ ಮೋಸ ಹೋಗುತ್ತೇವೆ. ಅದಕ್ಕಿಂತ ಜೋರು ಮೋಸ ಒಣ ಪುಡಿಯದ್ದು. ಹಸಿ ಕೊತ್ತಂಬರಿ ಸೊಪ್ಪಿನಲ್ಲಿ ಕ್ಯಾಲ್ಸಿಯಂ 67 ಅಂದೆನಲ್ಲ, ಅದೇ ಸೊಪ್ಪು ಒಣಗಿಸಿದರೆ ನೂರು ಗ್ರಾಂಗೆ 1246 ಮಿಲಿಗ್ರಾಂ! ಹೊಸದಾಗಿ ಏನಾದರೂ ಹುಟ್ಟಿತಾ? ನೀರು ಹೋಯಿತು ಅಷ್ಟೇ. ನುಗ್ಗೆ ಸೊಪ್ಪಿನ ಪುಡಿಯ ಪೊಟ್ಟಣದ ಮೇಲೆ ‘ಹಾಲಿಗಿಂತ 17 ಪಟ್ಟು ಕ್ಯಾಲ್ಸಿಯಂ’ ಅಂತ ಓದಿರುತ್ತೀರಿ. ನೀರೆಲ್ಲ ತೆಗೆದ ಪುಡಿಯನ್ನು, ಸುಮಾರು 87 ಭಾಗ ನೀರೇ ಇರುವ ಹಾಲಿಗೆ ನೂರು ಗ್ರಾಂ ಲೆಕ್ಕದಲ್ಲಿ ಹೋಲಿಸಿದ್ದಾರೆ. ಒಂದು ಲೋಟ ಹಾಲು ಸಲೀಸಾಗಿ ಕುಡಿಯುತ್ತೀರಿ. ಅದರಲ್ಲಿ ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ ಬಂತು. ನುಗ್ಗೆ ಪುಡಿ ಒಂದು ಚಮಚಕ್ಕಿಂತ ಜಾಸ್ತಿ ಯಾರು ನುಂಗುತ್ತಾರೆ? ಒಂದು ಚಮಚಕ್ಕೆ ಹೆಚ್ಚೆಂದರೆ ನೂರು ಮಿಲಿಗ್ರಾಂ. ನುಗ್ಗೆ ಸೊಪ್ಪು ಒಳ್ಳೆಯದು, ಅದರ ಬಗ್ಗೆ ತಕರಾರಿಲ್ಲ. ಹಿತ್ತಲಲ್ಲಿ ಮರ ಇರುವವರು ಕಿತ್ತು ಪಲ್ಯ ಮಾಡಿ. ಪುಡಿಗೆ ನೂರಾರು ರೂಪಾಯಿ ಕೊಡಬೇಡಿ.

ಇನ್ನು ಆ ಸ್ವಾರಸ್ಯದ ವಿಷಯ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ನಮ್ಮ ದೇಶದ ಪಟ್ಟಿಗಳನ್ನು ಮಾಡುತ್ತದೆ. 2017ರಲ್ಲಿ ಬಂದ ಪಟ್ಟಿಗೆ ದೇಶದ ಆರು ಭಾಗಗಳಿಂದ ಮಾದರಿ ತರಿಸಿ 528 ಆಹಾರಗಳನ್ನು ಪರೀಕ್ಷೆ ಮಾಡಿದರು. ಅದಕ್ಕೂ ಮುಂಚೆ ಅದೇ ಸಂಸ್ಥೆಯ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರ ಪಟ್ಟಿಯೇ ಎಲ್ಲ ಕಾಲೇಜುಗಳಲ್ಲೂ ನಡೆಯುತ್ತಿತ್ತು. ಆ ಹಳೇ ಪಟ್ಟಿಯಲ್ಲಿ ಕೊತ್ತಂಬರಿ ಸೊಪ್ಪಿನ ವಿಟಮಿನ್ ಸಿ 135 ಮಿಲಿಗ್ರಾಂ! ಅಮೆರಿಕದ ಪಟ್ಟಿಯಲ್ಲಿ 27. ಕ್ಯಾಲ್ಸಿಯಂ ಹಳೇ ಪಟ್ಟಿಯಲ್ಲಿ 184, ಅಮೆರಿಕದ್ದರಲ್ಲಿ 67. ಒಂದೇ ಸೊಪ್ಪು, ವಿಟಮಿನ್ ಸಿಯಲ್ಲಿ ಐದು ಪಟ್ಟು ವ್ಯತ್ಯಾಸ. ಯಾರೋ ಸುಳ್ಳು ಬರೆದಿದ್ದಾರೆ ಅಂತಲ್ಲ. ತಳಿ ಬೇರೆ, ಮಣ್ಣು ಬೇರೆ, ಬಿಸಿಲು ಬೇರೆ. ಕಿತ್ತು ಎಷ್ಟು ಹೊತ್ತಾದ ಮೇಲೆ ಪರೀಕ್ಷೆ ಮಾಡಿದರು ಅನ್ನೋದರ ಮೇಲೂ ಹೋಗುತ್ತದೆ, ಅದರಲ್ಲೂ ವಿಟಮಿನ್ ಸಿ. ಕಬ್ಬಿಣದ ವಿಷಯ ಇನ್ನೂ ಮಜಾ. ಸೊಪ್ಪಿಗೆ ಅಂಟಿದ ಕೆಮ್ಮಣ್ಣು ಸರಿಯಾಗಿ ಹೋಗಿಲ್ಲ ಅಂದರೆ ಆ ಮಣ್ಣಿನ ಕಬ್ಬಿಣವೂ ಸೊಪ್ಪಿನ ಖಾತೆಗೆ ಜಮಾ ಆಗುತ್ತದೆ. ಹಾಗಾಗಿ ಯಾರಾದರೂ ದಶಮಾಂಶದವರೆಗೆ ಅಂಕಿ ಹೇಳಿ ಹೆದರಿಸಿದರೆ ಹೆದರಬೇಡಿ. ಏಳು ಪಟ್ಟು, ಹತ್ತು ಪಟ್ಟು ವ್ಯತ್ಯಾಸ ಇದ್ದರೆ ನಂಬಿ. ಕಾಲು ಭಾಗ, ಅರ್ಧ ಭಾಗ ಹೆಚ್ಚು ಅಂದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಸರಿ, ಹಾಗಾದರೆ ಕೊತ್ತಂಬರಿಯ ಪೂರ್ತಿ ಲಾಭ ಪಡೆಯೋದು ಹೇಗೆ? ಉದುರಿಸೋದು ಬಿಟ್ಟು ತಿನ್ನಬೇಕು. ಮಾರ್ಕೆಟ್ಟಿನಿಂದ ತಂದ ಈ ಕಟ್ಟನ್ನು ನೋಡಿ. ಬೇರು ಕತ್ತರಿಸಿ, ಹಳದಿ ಎಲೆ ಆರಿಸಿ, ತೊಳೆದು, ನೀರು ಸೋರಿಸಿ ತೂಗಿದೆ, 80 ಗ್ರಾಂ ಬಂತು. ಇದಕ್ಕೆ ಒಂದು ಹಿಡಿ ಕಾಯಿತುರಿ, ಹಸಿಮೆಣಸಿನಕಾಯಿ, ಹುರಿಗಡಲೆ, ಚೂರು ಹುಣಸೆಹಣ್ಣು ಹಾಕಿ ಚಟ್ನಿ ಮಾಡಿದರೆ ಮೂರು ಜನಕ್ಕೆ ಆಗುತ್ತದೆ. ತಲೆಗೆ ಸುಮಾರು 25 ಗ್ರಾಂ ಸೊಪ್ಪು. ಅಲ್ಲಿಗೆ ವಿಟಮಿನ್ ಎ 84 ಮೈಕ್ರೋಗ್ರಾಂ ಆಯಿತು. ಒಬ್ಬ ಹೆಂಗಸಿಗೆ ದಿನಕ್ಕೆ 840 ಬೇಕು ಅಂತ ನಮ್ಮ ದೇಶದ 2020ರ ಶಿಫಾರಸು. ಹತ್ತರಲ್ಲಿ ಒಂದು ಭಾಗ ಒಂದು ಚಟ್ನಿಯಿಂದ ಬಂದರೆ ಕಡಿಮೆ ಏನಲ್ಲ.

ಚಟ್ನಿ ಅಂದದ್ದಕ್ಕೆ ಇನ್ನೊಂದು ಕಾರಣ ಇದೆ. ಎಲೆಯೊಳಗಿನ ಕ್ಯಾರೋಟಿನ್ ಗಟ್ಟಿಯಾದ ಗೋಡೆಯ ಹಿಂದೆ ಇರುತ್ತದೆ. ಹಾಗೇ ಎರಡು ಸಲ ಅಗಿದು ನುಂಗಿದರೆ ಬಹಳಷ್ಟು ಬಂದ ಹಾಗೇ ಹೊರಗೆ ಹೋಗುತ್ತದೆ. ಒರಳಲ್ಲೋ ಮಿಕ್ಸಿಯಲ್ಲೋ ರುಬ್ಬಿದರೆ ಆ ಗೋಡೆ ಒಡೆಯುತ್ತದೆ. ಜೊತೆಗೆ ಕ್ಯಾರೋಟಿನ್ ನೀರಲ್ಲಿ ಕರಗುವುದಿಲ್ಲ, ಜಿಡ್ಡಲ್ಲಿ ಕರಗುತ್ತದೆ. ಕಾಯಿತುರಿಯ ಜಿಡ್ಡು, ಮೇಲೆ ಕೊಡುವ ಒಂದು ಚಮಚ ಒಗ್ಗರಣೆ, ಇಷ್ಟು ಸಾಕು. ಡಯೆಟ್ ಅಂತ ಒಗ್ಗರಣೆಯನ್ನೇ ಬಿಟ್ಟು ಬರೀ ಸೊಪ್ಪಿನ ಜ್ಯೂಸ್ ಕುಡಿಯುವವರು ಈ ಲೆಕ್ಕದಲ್ಲಿ ನಷ್ಟ ಮಾಡಿಕೊಳ್ಳುತ್ತಾರೆ. ವಿಟಮಿನ್ ಸಿಯದ್ದು ಇದಕ್ಕೆ ಉಲ್ಟಾ. ಅದಕ್ಕೆ ಬಿಸಿಯೂ ಆಗದು, ಗಾಳಿಯೂ ಆಗದು. ಚಟ್ನಿ ಬೇಕಾದಾಗ ರುಬ್ಬಿ ತಕ್ಷಣ ತಿನ್ನಿ. ಸಾರಿಗೆ ಹಾಕೋದಾದರೆ ಒಲೆ ಆರಿಸಿದ ಮೇಲೆ ಹಾಕಿ.

ಬದನೆಗೂ ನ್ಯಾಯ ಹೇಳಬೇಕು. ಅದರಲ್ಲಿ ಪೋಷಕಾಂಶ ಕಡಿಮೆ ಇರಬಹುದು, ಆದರೆ ಹೊಟ್ಟೆ ತುಂಬಿಸುತ್ತದೆ, ಕ್ಯಾಲೊರಿ ಕಡಿಮೆ, ನಾರು ಇದೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ದೊಡ್ಡ ಅನುಕೂಲ. ಮಾಡುವ ವಿಧಾನದಲ್ಲಿ ಎಡವಬಾರದು ಅಷ್ಟೇ. ಬದನೆಯ ತಿರುಳಿನಲ್ಲಿ ಗಾಳಿ ತುಂಬಿದ ಸಣ್ಣ ಸಣ್ಣ ಸಂದುಗಳಿವೆ. ಬಾಣಲೆಗೆ ಹಾಕಿದ ತಕ್ಷಣ ಎಣ್ಣೆ ಅಲ್ಲಿಗೆ ಹೋಗಿ ಕೂರುತ್ತದೆ. ಎಣ್ಣೆಗಾಯಿ ಮಾಡುವಾಗ ಗಮನಿಸಿರುತ್ತೀರಿ, ಹಾಕಿದ ಎಣ್ಣೆ ಎಲ್ಲಿ ಹೋಯಿತು ಅಂತ ಗೊತ್ತೇ ಆಗಲ್ಲ. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ. ನೂರು ಗ್ರಾಂ ಬದನೆಯ 25 ಕ್ಯಾಲೊರಿ ಎಲ್ಲಿ, ಇದೆಲ್ಲಿ? ಹೆಚ್ಚಿದ ಹೋಳಿಗೆ ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು ಹಿಂಡಿದರೆ ಆ ಸಂದುಗಳು ಕುಸಿಯುತ್ತವೆ, ಎಣ್ಣೆ ಕಡಿಮೆ ಕುಡಿಯುತ್ತದೆ. ಇಲ್ಲವೇ ಮೊದಲು ಆವಿಯಲ್ಲಿ ಅರ್ಧ ಬೇಯಿಸಿಕೊಂಡು ವಾಂಗಿಬಾತಿಗೆ ಹಾಕಿ. ರುಚಿ ಸ್ವಲ್ಪ ಬದಲಾಗುತ್ತದೆ, ಸುಳ್ಳು ಹೇಳಲ್ಲ. ಸಿಪ್ಪೆ ಮಾತ್ರ ತೆಗೆಯಬೇಡಿ. ನೇರಳೆ ಬದನೆಯ ಬಣ್ಣ ಇರೋದೇ ಸಿಪ್ಪೆಯಲ್ಲಿ. ಅದು ನೇರಳೆಹಣ್ಣಿನ ಬಣ್ಣದ ಜಾತಿಗೇ ಸೇರಿದ್ದು, ಒಳ್ಳೆಯದು. ಹಾಗಂತ ಅದರಿಂದ ಯಾವುದೋ ಕಾಯಿಲೆ ವಾಸಿ ಆಗುತ್ತದೆ ಅಂದರೆ ನಂಬಬೇಡಿ.

ಇಲ್ಲಿ ಮಂಡ್ಯದ ಕಡೆಯವರು ಎಷ್ಟು ಜನ ಇದ್ದೀರಿ? ಅರ್ಧಕ್ಕರ್ಧ ಕೈ ಎತ್ತಿದ್ದೀರಲ್ಲ! ಹಾಗಾದರೆ ಬಸ್ಸಾರಿನ ವಿಷಯ ಮಾತಾಡಲೇಬೇಕು. ನನ್ನ ಪ್ರಕಾರ ಇಡೀ ಸೊಪ್ಪು-ತರಕಾರಿ ಜಗಳಕ್ಕೆ ನಮ್ಮ ಕಡೆಯವರು ಯಾವಾಗಲೋ ತೀರ್ಪು ಕೊಟ್ಟುಬಿಟ್ಟಿದ್ದಾರೆ, ಬಸ್ಸಾರಿನ ಮೂಲಕ. ಹುರುಳಿಕಾಳೋ ಅಲಸಂದೆಯೋ ಹೆಸರುಕಾಳೋ ಬೇಯಲು ಇಡುತ್ತಾರೆ. ಅದು ಮುಕ್ಕಾಲು ಬೆಂದ ಮೇಲೆ ರಾಶಿ ಸೊಪ್ಪು ಹಾಕುತ್ತಾರೆ. ದಂಟು, ಕೀರೆ, ಸಬ್ಬಸಿಗೆ, ಯಾವುದು ಸಿಕ್ಕಿತೋ ಅದು. ಬೆಂದ ಮೇಲೆ ಬಸಿಯುತ್ತಾರೆ. ಆ ನೀರನ್ನು ಚೆಲ್ಲುವುದಿಲ್ಲ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಖಾರದಪುಡಿ, ಒಂದಿಷ್ಟು ಬೆಂದ ಕಾಳು ರುಬ್ಬಿ ಹಾಕಿದರೆ ಅದೇ ಸಾರು. ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಜೊತೆಗೆ ಬಿಸಿ ಮುದ್ದೆ.

ಇದರಲ್ಲಿ ಏನೇನಾಯಿತು ನೋಡಿ. ಪೊಟ್ಯಾಸಿಯಂ, ಫೋಲೇಟ್, ವಿಟಮಿನ್ ಸಿ ಇವೆಲ್ಲ ನೀರಲ್ಲಿ ಕರಗುವಂಥವು. ಬೇಯಿಸಿದಾಗ ನೀರಿಗೆ ಬಿಟ್ಟುಕೊಳ್ಳುತ್ತವೆ. ಬೇರೆ ಎಷ್ಟೋ ಕಡೆ ಸೊಪ್ಪು ಬೇಯಿಸಿದ ನೀರು ಸಿಂಕಿಗೆ ಹೋಗುತ್ತದೆ. ಇಲ್ಲಿ ಅದೇ ಸಾರಾಗಿ ತಟ್ಟೆಗೆ ವಾಪಸ್ ಬಂತು. ಬಿಸಿಗೆ ಹಾಳಾದ ವಿಟಮಿನ್ ಸಿ ಹೋಯಿತು ನಿಜ. ಉಳಿದದ್ದು ಸಿಕ್ಕಿತು. ಕ್ಯಾರೋಟಿನ್ ನೀರಿಗೆ ಹೋಗಲ್ಲ, ಪಲ್ಯದಲ್ಲೇ ಉಳಿಯಿತು. ಅದಕ್ಕೆ ಒಗ್ಗರಣೆಯ ಎಣ್ಣೆ ಸಿಕ್ಕಿತು. ಮುಖ್ಯವಾದ ಮಾತು, ಇಲ್ಲಿ ಸೊಪ್ಪು ಉದುರಿಸುವ ಸಾಮಾನಲ್ಲ. ತಲೆಗೆ ನೂರು ಗ್ರಾಂ ಸಲೀಸಾಗಿ ಬೀಳುತ್ತದೆ. ಪಟ್ಟಿಯ ನೂರು ಗ್ರಾಂ ಲೆಕ್ಕ ನಿಜವಾಗಿ ಹೊಂದುವುದು ಈ ಊಟಕ್ಕೆ. ಕ್ಯಾಲ್ಸಿಯಂ ಬೇಕೆಂದರೆ ಕೊತ್ತಂಬರಿ, ಬದನೆ ಎರಡರ ಕಡೆಗೂ ನೋಡೋದು ಬೇಡ, ಮುದ್ದೆ ಇದೆಯಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ.

ಸಬ್ಬಸಿಗೆ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ಹೊರದೇಶಗಳಲ್ಲಿ ಅದನ್ನು ಮೀನಿನ ಮೇಲೆ, ಉಪ್ಪಿನಕಾಯಿಗೆ ಚೂರು ಉದುರಿಸುತ್ತಾರೆ, ನಾವು ಕೊತ್ತಂಬರಿ ಉದುರಿಸಿದ ಹಾಗೆ. ನಮ್ಮಲ್ಲಿ ಅವರೆಕಾಳಿನ ಜೊತೆ ಹಿಡಿಗಟ್ಟಲೆ ಹಾಕುತ್ತೇವೆ, ಅಕ್ಕಿ ರೊಟ್ಟಿಗೆ ಕಲಸುತ್ತೇವೆ. ಅದೇ ಅಮೆರಿಕದ ಪಟ್ಟಿಯಲ್ಲಿ ನೂರು ಗ್ರಾಂ ಸಬ್ಬಸಿಗೆಗೆ ಕ್ಯಾಲ್ಸಿಯಂ 208, ಕಬ್ಬಿಣ ಆರೂವರೆ, ಫೋಲೇಟ್ 150, ವಿಟಮಿನ್ ಸಿ 85. ಕೊತ್ತಂಬರಿಯನ್ನು ಹಿಂದೆ ಹಾಕಿತು. ಕೊತ್ತಂಬರಿ, ಸಬ್ಬಸಿಗೆ, ಕ್ಯಾರೆಟ್, ಜೀರಿಗೆ ಎಲ್ಲ ಒಂದೇ ಕುಟುಂಬದ ಗಿಡಗಳು ಅನ್ನೋದು ಗೊತ್ತಿರಲಿ, ಮಕ್ಕಳು ಕೇಳಿದರೆ ಹೇಳಬಹುದು.

ಕಬ್ಬಿಣದ ವಿಷಯ ಮಾತ್ರ ಸ್ವಲ್ಪ ಗಂಭೀರವಾಗಿ ಹೇಳುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇತ್ತು. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಅನ್ನುತ್ತಾರೆ. ಆಗ ಹೇಳಿದ ಚಟ್ನಿಯಿಂದ ಬರೋದು ಅರ್ಧ ಮಿಲಿಗ್ರಾಂಗೂ ಕಡಿಮೆ. ಸೊಪ್ಪು ತಿಂದು ರಕ್ತಹೀನತೆ ವಾಸಿ ಮಾಡಿಕೊಳ್ತೀನಿ ಅಂತ ಯಾರೂ ಹೊರಡಬೇಡಿ. ಡಾಕ್ಟರು ಮಾತ್ರೆ ಕೊಟ್ಟಿದ್ದರೆ ಮಾತ್ರೆ ನುಂಗಿ. ಸೊಪ್ಪು ಅದರ ಜೊತೆಗೆ ಇರಲಿ, ಬದಲಿಗೆ ಅಲ್ಲ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪು ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟ ಆದ ತಕ್ಷಣ ಕಾಫಿ, ಟೀ ಕುಡಿದರೆ ಹತ್ತೋದು ಕಡಿಮೆಯಾಗುತ್ತದೆ. ಮೈಸೂರಿನವರಿಗೆ ಇದು ಕಷ್ಟದ ಮಾತು ಅಂತ ಗೊತ್ತು. ಒಂದು ಗಂಟೆ ತಡೆದುಕೊಳ್ಳಿ.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

“ಮೇಡಂ, ನಮ್ಮ ಮನೆಯವ್ರಿಗೆ ಹಾರ್ಟ್ ಆಪರೇಷನ್ ಆಗಿ ರಕ್ತ ತೆಳು ಮಾಡೋ ಮಾತ್ರೆ ಕೊಟ್ಟಿದಾರೆ. ಸೊಪ್ಪು ತಿನ್ಬೇಡಿ ಅಂದಿದಾರೆ. ಒಂದೆಲೆನೂ ಹಾಕಂಗಿಲ್ವಾ?”

ಒಳ್ಳೇ ಪ್ರಶ್ನೆ. ಮಾತ್ರೆಯ ಹೆಸರು ಮೊದಲು ನೋಡಿ. ವಾರ್ಫರಿನ್ ಅಥವಾ ಅಸಿಟ್ರಾಮ್ ಜಾತಿಯದ್ದಾದರೆ ಅದು ವಿಟಮಿನ್ ಕೆಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಕೊತ್ತಂಬರಿಯಲ್ಲಿ ವಿಟಮಿನ್ ಕೆ ಎಷ್ಟಿದೆ ಅಂತ ಆಗ ನೋಡಿದೆವಲ್ಲ. ಸಾರಿನ ಮೇಲೆ ಉದುರಿಸುವ ನಾಲ್ಕು ಎಲೆ ತೊಂದರೆ ಮಾಡುವುದು ಅಪರೂಪ. ಒಂದು ವಾರ ಏನೂ ಇಲ್ಲ, ಮುಂದಿನ ವಾರ ದಿನಾ ಬಸ್ಸಾರು ಅಂದರೆ ತೊಂದರೆ. ಎಷ್ಟು ತಿನ್ನುತ್ತೀರೋ ದಿನಾ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಎಷ್ಟು ಅಂತ ಅವರ ಡಾಕ್ಟರನ್ನೇ ಕೇಳಿ, ರಕ್ತಪರೀಕ್ಷೆ ನೋಡಿ ಅವರು ಹೇಳುತ್ತಾರೆ. ಬೇರೆ ಜಾತಿಯ ಹೊಸ ಮಾತ್ರೆಗಳಿಗೆ ಈ ಗೊಡವೆ ಇಲ್ಲ.

“ಕಿಡ್ನಿ ತೊಂದ್ರೆ ಇರೋರು ಬಸ್ಸಾರು ತಿನ್ನಬೋದಾ?”

ಅವರಿಗೆ ಲೆಕ್ಕ ತಿರುಗುಮುರುಗು. ರಕ್ತದಲ್ಲಿ ಪೊಟ್ಯಾಸಿಯಂ ಏರುವವರಿಗೆ ಬಸಿದ ನೀರೇ ಬೇಡ. ನಮಗೆ ಯಾವುದು ಲಾಭವೋ ಅವರಿಗೆ ಅದೇ ಅಪಾಯ. ಬಸಿದ ಪಲ್ಯ ಎಷ್ಟು, ಯಾವ ಸೊಪ್ಪು ಅನ್ನೋದನ್ನು ಡಾಕ್ಟರು ಮತ್ತು ಡಯಟಿಷಿಯನ್ ಹೇಳಿದ ಹಾಗೆ ಮಾಡಿ.

“ಕೊತ್ತಂಬರಿ ಸೊಪ್ಪು ತೊಳ್ಯೋಕೆ ಉಪ್ಪುನೀರು ಒಳ್ಳೇದಾ? ಚರಂಡಿ ನೀರಲ್ಲಿ ಬೆಳೀತಾರೆ ಅಂತಾರಲ್ಲ.”

ಹಸಿಯಾಗಿ ತಿನ್ನುವ ಸೊಪ್ಪು, ಭಯ ಸಹಜ. ಉಪ್ಪು ಹಾಕಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಬೇರು ಮೊದಲು ಕತ್ತರಿಸಿ ಬಿಸಾಡಿ, ಮಣ್ಣು ಅಲ್ಲೇ ಇರೋದು. ಆಮೇಲೆ ದೊಡ್ಡ ಪಾತ್ರೆಯ ನೀರಲ್ಲಿ ಅದ್ದಿ ಅಲುಗಾಡಿಸಿ. ಸೊಪ್ಪನ್ನು ಮೇಲಕ್ಕೆ ಎತ್ತಿಕೊಳ್ಳಿ. ಪಾತ್ರೆಯನ್ನೇ ಬಗ್ಗಿಸಿ ಸೋಸಬೇಡಿ, ತಳದ ಮರಳು ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ. ನೀರು ತಿಳಿಯಾಗುವ ತನಕ ಹೀಗೆ ಮಾಡಿ, ಕೊನೆಗೆ ನಲ್ಲಿಯ ಕೆಳಗೆ ಒಮ್ಮೆ ಹಿಡಿಯಿರಿ. ತೊಳೆದ ಮೇಲೆ ಹೆಚ್ಚಿ, ಹೆಚ್ಚಿದ ಮೇಲೆ ತೊಳೆಯಬೇಡಿ. ಮನೆಯಲ್ಲಿ ಗರ್ಭಿಣಿಯರು, ಪುಟ್ಟ ಮಕ್ಕಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಇದ್ದರೆ ಹಸಿ ಸೊಪ್ಪು ಬೇಡವೇ ಬೇಡ, ಕುದಿಯುವ ಸಾರಿಗೆ ಹಾಕಿಬಿಡಿ. ವಿಟಮಿನ್ ಸಿ ಸ್ವಲ್ಪ ಹೋಗಲಿ ಬಿಡಿ.

“ಕೊತ್ತಂಬರಿ ದಂಟು ಬಿಸಾಡ್ಬೇಕಾ ಇಟ್ಕೋಬೇಕಾ?”

ಎಳೆಯದಾಗಿದ್ದರೆ ಬಿಸಾಡಬೇಡಿ. ಘಮ ಅದರಲ್ಲೇ ಜಾಸ್ತಿ. ಚಟ್ನಿಗೆ ರುಬ್ಬಿ, ರಸಂಗೆ ಕಟ್ಟಿ ಹಾಕಿ. ಕಡು ಹಸಿರಿನ ಲೆಕ್ಕದಲ್ಲಿ ನೋಡಿದರೆ ಕ್ಯಾರೋಟಿನ್ ಎಲೆಯಲ್ಲೇ ಹೆಚ್ಚು, ಆದರೂ ದಂಟು ವ್ಯರ್ಥ ಅಲ್ಲ.

“ಮಳೆಗಾಲದಲ್ಲಿ ಕಟ್ಟಿನ ರೇಟು ಕೇಳೋಕೇ ಭಯ ಆಗುತ್ತೆ. ಕುಂಡದಲ್ಲಿ ಹಾಕಿದ್ರೆ ಬರುತ್ತಾ? ನಂದು ಒಂದ್ಸಲನೂ ಮೊಳಕೆ ಬಂದಿಲ್ಲ.”

ಬರುತ್ತದೆ. ಅಡುಗೆಮನೆಯ ಧನಿಯವೇ ಸಾಕು, ಹೊಸದಾಗಿರಬೇಕು. ಇಡೀ ಕಾಳು ಹಾಕಬೇಡಿ. ಒಂದು ಕಾಳೊಳಗೆ ಎರಡು ಬೀಜ ಇರುತ್ತವೆ. ಚಪಾತಿ ಮಣೆಯ ಮೇಲೆ ಹಾಕಿ ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ, ಎರಡು ಹೋಳಾಗಬೇಕು, ಪುಡಿಯಾಗಬಾರದು. ಒಂದು ರಾತ್ರಿ ನೀರಲ್ಲಿ ನೆನೆಸಿ, ಅರ್ಧ ಇಂಚು ಆಳಕ್ಕೆ ಹಾಕಿ, ಮಣ್ಣು ಒಣಗದ ಹಾಗೆ ನೋಡಿಕೊಳ್ಳಿ. ಒಂದು ವಾರ, ಹತ್ತು ದಿನಕ್ಕೆ ಮೊಳಕೆ ಕಾಣುತ್ತದೆ. ಸುಮಾರು 40 ದಿನಕ್ಕೆ ಕೀಳಬಹುದು. ಅಗಲದ ಕುಂಡ ಇಡಿ, ಕಿತ್ತು ಬೇರೆ ಕಡೆ ನೆಟ್ಟರೆ ಕೊತ್ತಂಬರಿ ಬದುಕೋದು ಕಷ್ಟ. ಏಪ್ರಿಲ್‌ನ ಬಿಸಿಲಿನಲ್ಲಿ ಬಿತ್ತಿದರೆ ಎಲೆ ತುಂಬೋ ಮುಂಚೆ ಹೂ ಬಿಟ್ಟುಬಿಡುತ್ತದೆ. ದಸರಾ ಕಳೆದ ಮೇಲೆ ಬಿತ್ತಿ. ಹದಿನೈದು ದಿನಕ್ಕೊಮ್ಮೆ ಒಂದೊಂದು ಕುಂಡ ಹಾಕುತ್ತಾ ಬಂದರೆ ಶಿವರಾತ್ರಿವರೆಗೂ ಮನೆಯದ್ದೇ ಸೊಪ್ಪು.